ಮೂರು ಕಡೆ ದುಡ್ಡು ಕೊಟ್ಟೆ, ಒಂದೇ ಕಡೆ ಹಾರ್ಟ್ ಬಗ್ಗೆ ಕೇಳಿದ್ರು

ನನಗೀಗ 64. ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು, ಗಣಿತ, ಊರು ಮೈಸೂರು. ಹೆಸರು ಹಾಕಲ್ಲ, ಯಾಕೆ ಅಂತ ಓದ್ತಾ ಗೊತ್ತಾಗುತ್ತೆ. ಮಿಕ್ಸಿಗೆ, ವಾಟರ್ ಫಿಲ್ಟರ್‌ಗೆ, ಚಪ್ಪಲಿಗೂ ಜನ ರಿವ್ಯೂ ಬರೀತಾರೆ. ಗಂಡಸ್ತನದ ತೊಂದರೆಗೆ ಕೊಡೋ ಚಿಕಿತ್ಸೆ ಬಗ್ಗೆ ಕನ್ನಡದಲ್ಲಿ ಹುಡುಕಿದ್ರೆ ಸಿಕ್ಕಿದ್ದು ಬರೀ ಜಾಹೀರಾತು, ಅದಕ್ಕೇ ಕೂತು ಬರೀತಿದೀನಿ.

ವಿಷಯ ಇಷ್ಟೇ. ಎರಡು ಮೂರು ವರ್ಷದಿಂದ ಶಿಶ್ನ ಸರಿಯಾಗಿ ಗಟ್ಟಿ ಆಗ್ತಿರಲಿಲ್ಲ, ಆದ್ರೂ ನಿಲ್ತಿರಲಿಲ್ಲ. ಬೆಳಗಿನ ಜಾವ ತಾನಾಗೇ ಆಗ್ತಿತ್ತಲ್ಲ, ಅದೂ ನಿಂತೋಗಿತ್ತು. ನಮ್ಮ ಮನೆಯವಳು ಏನೂ ಅನ್ನಲಿಲ್ಲ, "ವಯಸ್ಸಾಯ್ತಲ್ಲ ರೀ, ಬಿಡಿ" ಅಂದ್ಲು ಅಷ್ಟೇ. ನನಗೆ ಆ "ಬಿಡಿ" ಅನ್ನೋದೇ ತಲೆಯಲ್ಲಿ ಕೂತ್ಕೊಂಡ್ತು, ಆಮೇಲಿಂದ ಅವಳು ಮಲಗಿ ನಿದ್ದೆ ಬರೋವರೆಗೂ ನಾನು ಹಾಲ್‌ನಲ್ಲಿ ಟಿವಿ ಮುಂದೇನೇ, ಯಾವ ಸೀರಿಯಲ್ ಅಂತ ಕೇಳಿದ್ರೆ ಹೇಳೋಕಾಗ್ತಿರಲಿಲ್ಲ.

ಮೊದಲು ಹೋಗಿದ್ದು ರೋಡ್ ಪಕ್ಕದ ಟೆಂಟಿಗೆ. ಓದಿದೋನು, 35 ವರ್ಷ ಪಾಠ ಮಾಡಿದೋನು ಅಲ್ಲಿಗೆ ಯಾಕೆ ಹೋದೆ ಅಂದ್ರೆ ಅಲ್ಲಿ ಹೆಸರು ಕೇಳಲ್ಲ, ಅಷ್ಟೇ ಕಾರಣ. ಸಾಲಾಗಿ ಬಾಟಲಿ, ಒಳಗೆ ಬೇರು ನಾರು, ಹಿಂದೆ ಪೈಲ್ವಾನನ ಫೋಟೋ. ಕೈ ಹಿಡಿದು ನಾಡಿ ನೋಡಿ "ಹುಡುಗ್ರಾಗಿದ್ದಾಗ ಕೈಯಿಂದ ತಪ್ಪು ಮಾಡಿದೀರಾ" ಅಂದ. 16ರಲ್ಲಿ ಮಾಡಿದ್ದಕ್ಕೆ 63ರಲ್ಲಿ ಬಡ್ಡಿ ಕೇಳ್ತಾನೆ! (ಹಸ್ತಮೈಥುನಕ್ಕೂ ಇದಕ್ಕೂ ಸಂಬಂಧನೇ ಇಲ್ಲ ಅಂತ ಆಮೇಲೆ ಡಾಕ್ಟ್ರು ಹೇಳಿದ್ರು, ಆದ್ರೆ ಆ ಕ್ಷಣಕ್ಕೆ ತಪ್ಪು ಒಪ್ಪಿಕೊಂಡ ಹುಡುಗನ ಥರ ತಲೆ ತಗ್ಗಿಸಿದ್ದೆ.) 1,800 ರೂಪಾಯಿ, ಒಂದು ಡಬ್ಬಿ ಲೇಹ್ಯ. ಮೂರು ದಿನ ಭೇದಿ ಆಯ್ತು. ಸ್ಟಾರ್ ಗೀರ್ ಏನೂ ಇಲ್ಲ.

ಎರಡನೇದು ಮೊಬೈಲಲ್ಲಿ ನೋಡಿ ಆರ್ಡರ್ ಮಾಡಿದ ಕ್ಯಾಪ್ಸೂಲ್. "ನೂರಕ್ಕೆ ನೂರು ಗಿಡಮೂಲಿಕೆ, ಸೈಡ್ ಎಫೆಕ್ಟ್ ಇಲ್ಲ", ಮೂರು ತಿಂಗಳ ಕೋರ್ಸು 6,999. ಪ್ಯಾಕಿಂಗ್ ಬಗ್ಗೆ ದೂರಿಲ್ಲ, ಮೇಲೆ ಏನೂ ಬರೆದಿರಲಿಲ್ಲ, ಮಗಳು "ಏನಪ್ಪಾ ಇದು" ಅಂದಾಗ ಮಂಡಿ ನೋವಿಗೆ ಅಂದೆ, ಅವಳು ನಂಬಿ ಅವಳ ಮಾವನಿಗೂ ಹೇಳ್ತೀನಿ ಅಂದ್ಲು, ಬೇಡ ಬೇಡ ಅನ್ನೋಷ್ಟರಲ್ಲಿ ಸಾಕಾಯ್ತು. ಮೊದಲ ದಿನ ಕೆಲಸ ಮಾಡ್ತು, ಸುಳ್ಳು ಹೇಳಲ್ಲ. ಆದ್ರೆ ಮುಖ ಕೆಂಪಾಯ್ತು, ಮೂಗು ಕಟ್ತು, ರಾತ್ರಿಯೆಲ್ಲಾ ತಲೆನೋವು. ಇದು ಯಾವ ಗಿಡಮೂಲಿಕೆಯಪ್ಪಾ ಅಂತ ನನಗೇ ಡೌಟ್ ಬಂತು. ಡಾಕ್ಟ್ರಿಗೆ ತೋರಿಸಿದಾಗ ಅವರು ನಕ್ಕುಬಿಟ್ರು, ಈ ಮೂರೂ ಸಿಲ್ಡೆನಾಫಿಲ್ ಅನ್ನೋ, ಇದೇ ತೊಂದರೆಗೆ ಕೊಡೋ ಇಂಗ್ಲಿಷ್ ಮಾತ್ರೆಯ ಮಾಮೂಲಿ ಲಕ್ಷಣ, ಗಿಡಮೂಲಿಕೆ ಅಂತ ಮಾರೋದ್ರಲ್ಲಿ ಅದನ್ನ ಬೆರೆಸಿರೋದು ಎಷ್ಟೋ ದೇಶದಲ್ಲಿ ಟೆಸ್ಟ್ ಮಾಡಿ ಹಿಡಿದಿದಾರೆ ಅಂದ್ರು. ನನ್ನ ಡಬ್ಬಿ ಲ್ಯಾಬಿಗೆ ಕಳಿಸಿಲ್ಲ, ಹಾಗಾಗಿ ಅದರಲ್ಲೂ ಅದೇ ಇತ್ತು ಅಂತ ಆಣೆ ಮಾಡಲ್ಲ. ಅಂದಹಾಗೆ ಗಂಡಸ್ತನ ಹೆಚ್ಚಿಸ್ತೀವಿ ಅಂತ ಜಾಹೀರಾತು ಕೊಡೋದಕ್ಕೇ 1954ರ ಕಾಯ್ದೆ ಪ್ರಕಾರ ನಮ್ಮ ದೇಶದಲ್ಲಿ ನಿಷೇಧ ಇದೆ. ಬಸ್ ಸ್ಟ್ಯಾಂಡ್ ಶೌಚಾಲಯದ ಗೋಡೆ ನೋಡಿದ್ರೆ ಆ ಕಾಯ್ದೆ ಯಾರೂ ಓದಿರೋ ಹಾಗೆ ಕಾಣಲ್ಲ.

ಮೂರನೇದಕ್ಕೆ ಬರೋಣ, ಇದಕ್ಕೇ ಈ ರಿವ್ಯೂ. ಯೂರಾಲಜಿಸ್ಟ್, ಅಂದ್ರೆ ಮೂತ್ರ, ಜನನಾಂಗದ ಡಾಕ್ಟ್ರು, ಫೀಸು 700. ಕ್ಲಿನಿಕ್ ಹೆಸರು ಹೇಳಲ್ಲ ಯಾಕಂದ್ರೆ ಮೊದಲು ಬೈಯೋದಿದೆ. ರಿಸೆಪ್ಷನ್‌ನಲ್ಲಿ ಆ ಹುಡುಗಿ, ನನ್ನ ಹಿಂದೆ ಆರು ಜನ ನಿಂತಿರೋವಾಗ, "ಅಂಕಲ್ ಏನ್ ಪ್ರಾಬ್ಲಮ್ಮು" ಅಂತ ಇಡೀ ಹಾಲಿಗೆ ಕೇಳೋ ಹಾಗೆ ಕೇಳ್ತು. "ಯೂರಿನ್ನು" ಅಂದೆ. "ಉರಿನಾ ಅಂಕಲ್, ಬರ್ತಾನೇ ಇಲ್ವಾ?" ಅಯ್ಯೋ ರಾಮ. ಫೀಸ್ ಕಮ್ಮಿ ಮಾಡೋದು ಬೇಡ, ಒಂದು ಚೀಟಿ ಪೆನ್ನು ಇಟ್ರೆ ಸಾಕಿತ್ತು. ಒಂದೂಕಾಲು ಗಂಟೆ ಕಾಯಿಸಿದ್ರು. ಕೊಟ್ಟ ಫಾರಂ ಬರೀ ಇಂಗ್ಲಿಷಲ್ಲಿ.

ಆದ್ರೆ ಒಳಗೆ ಹೋದ ಮೇಲೆ ಬೇರೆ ಕಥೆ. ಡಾಕ್ಟ್ರು ಬಾಗಿಲು ಹಾಕ್ಸಿ ಆ ಫಾರಂ ಪಕ್ಕಕ್ಕಿಟ್ಟು ಅದೇ ಐದು ಪ್ರಶ್ನೆ ಕನ್ನಡದಲ್ಲಿ ಕೇಳಿದ್ರು, ಗಟ್ಟಿ ಆಗುತ್ತಾ, ಮುಗಿಯೋವರೆಗೂ ನಿಲ್ಲುತ್ತಾ, ಆಗುತ್ತೆ ಅನ್ನೋ ಧೈರ್ಯ ಎಷ್ಟಿದೆ, ಹೀಗೆ. ಒಟ್ಟು 25 ಮಾರ್ಕ್ಸು, 22 ಅಥವಾ ಅದಕ್ಕಿಂತ ಜಾಸ್ತಿ ಬಂದ್ರೆ ತೊಂದರೆ ಇಲ್ಲ. ನನಗೆ ಬಂದಿದ್ದು 10. ಜೀವನಪೂರ್ತಿ ಬೇರೆಯವರಿಗೆ ಮಾರ್ಕ್ಸ್ ಹಾಕಿದ್ದಕ್ಕೆ ಸರಿಯಾಯ್ತು.

ಆಮೇಲೆ ಮಾತ್ರೆ ಬರೀತಾರೆ ಅನ್ಕೊಂಡ್ರೆ ಇಲ್ಲ, ಎದೆ ಕಡೆ ಹೋದ್ರು. ಮೆಟ್ಟಿಲು ಹತ್ತಿದ್ರೆ ಏದುಸಿರು ಬರುತ್ತಾ, ಎದೆ ಹಿಡಿಯುತ್ತಾ, ಶುಗರ್ ಇದೆಯಾ, ಬೀಡಿ ಸಿಗರೇಟು, ಬಿಪಿಗೆ ಯಾವ ಮಾತ್ರೆ. ಸಾರ್ ನಾನು ಬಂದಿದ್ದು ಕೆಳಗಿನ ವಿಷಯಕ್ಕೆ ಅಂದೆ. ಅವರು ಪೆನ್ ತಗೊಂಡು ಎರಡು ಗೆರೆ ಎಳೆದ್ರು. ಅಲ್ಲಿಗೆ ರಕ್ತ ಹೋಗೋ ನಾಳ ಒಂದೆರಡು ಮಿಲಿಮೀಟರ್ ದಪ್ಪ, ಹಾರ್ಟಿನ ನಾಳ ಮೂರು ನಾಲ್ಕು. ಶುಗರ್‌ನಿಂದಲೋ ಕೊಲೆಸ್ಟ್ರಾಲ್‌ನಿಂದಲೋ ಮೈಯಲ್ಲೆಲ್ಲಾ ನಾಳ ಕಟ್ಕೊಳ್ಳೋಕೆ ಶುರುವಾದ್ರೆ ಸಣ್ಣ ಪೈಪಲ್ಲಿ ಮೊದಲು ನೀರು ನಿಲ್ಲುತ್ತೆ, ಎಷ್ಟೋ ಜನಕ್ಕೆ ಎದೆನೋವು ಬರೋಕೆ ಎರಡು ಮೂರು ವರ್ಷ ಮುಂಚೆನೇ ಇಲ್ಲಿ ಗೊತ್ತಾಗುತ್ತೆ. ಲೆಕ್ಕದ ಮೇಷ್ಟ್ರಿಗೆ ಇದಕ್ಕಿಂತ ಚೆನ್ನಾಗಿ ಯಾರು ಹೇಳ್ತಾರೆ. ಇಸಿಜಿ, ಕೊಲೆಸ್ಟ್ರಾಲ್, ಮೂರು ತಿಂಗಳ ಸರಾಸರಿ ಶುಗರ್ (HbA1c), ಪ್ರಾಸ್ಟೇಟ್ (ಮೂತ್ರಚೀಲದ ಕೆಳಗಿನ ಗ್ರಂಥಿ), ಬೆಳಿಗ್ಗೆ ಹೊತ್ತೇ ರಕ್ತ ಕೊಡಬೇಕಾದ ಟೆಸ್ಟೋಸ್ಟಿರಾನ್ ಅನ್ನೋ ಗಂಡು ಹಾರ್ಮೋನಿನ ಟೆಸ್ಟು. ಹಾರ್ಮೋನ್ ಸರಿಯಾಗಿತ್ತು, ಇಸಿಜಿ ಪರವಾಗಿಲ್ಲ, ಆ ಮೂರು ತಿಂಗಳ ಶುಗರ್ ಮಾತ್ರ 8.9! ನನಗೆ ಶುಗರ್ ಇದೆ ಅನ್ನೋದೇ ಗೊತ್ತಿರಲಿಲ್ಲ. ಟೆಂಟಿನೋನು ನಾಡಿ ಹಿಡಿದಿದ್ನಲ್ಲ, ಅವನಿಗೆ ಸಿಕ್ಕಿದ್ದು ಹಸ್ತಮೈಥುನ. ಬಿಪಿಗೆ ನುಂಗ್ತಿದ್ದ ಅಟೆನೊಲಾಲ್ ಕೂಡ ಸ್ವಲ್ಪ ಕಾರಣ ಇರಬಹುದು, ಆದ್ರೆ ನೀವಾಗೇ ನಿಲ್ಲಿಸಬೇಡಿ ಅಂತ ಹೇಳಿ ನಮ್ಮ ಫ್ಯಾಮಿಲಿ ಡಾಕ್ಟ್ರಿಗೆ ಚೀಟಿ ಕೊಟ್ರು, ಅವರು ಬದಲಾಯಿಸಿದ್ರು.

ಎರಡನೇ ವಿಸಿಟ್‌ಗೆ ಮಾತ್ರೆ ಬಂತು, ಸಿಲ್ಡೆನಾಫಿಲ್ 50. ಬರೆಯೋ ಮುಂಚೆ ಎರಡು ಸಲ ಒಂದೇ ಪ್ರಶ್ನೆ, ಎದೆನೋವಿಗೆ ನಾಲಿಗೆ ಕೆಳಗೆ ಇಟ್ಕೊಳ್ಳೋ ಸಾರ್ಬಿಟ್ರೇಟ್ ಥರದ್ದು ಏನಾದ್ರೂ ತಗೋತೀರಾ. ಸಿಲ್ಡೆನಾಫಿಲ್‌ನ ಮೊದಲು ಪರೀಕ್ಷೆ ಮಾಡಿದ್ದೇ ಎದೆನೋವಿಗೆ, ಆಮೇಲೆ ಈ ಗುಣ ಕಂಡು 1998ರಲ್ಲಿ ಅಮೆರಿಕದಲ್ಲಿ ವಯಾಗ್ರ ಅಂತ ಬಂತು. ಇದು, ಸಾರ್ಬಿಟ್ರೇಟ್, ಎರಡೂ ರಕ್ತನಾಳ ಹಿಗ್ಗಿಸೋವೇ, ಎರಡೂ ಸೇರಿದ್ರೆ ಬಿಪಿ ದಬಕ್ಕಂತ ಇಳಿದು ಜೀವಕ್ಕೇ ಕುತ್ತು. ನಾಲ್ಕು ಗಂಟೆ ಆದ್ರೂ ಇಳೀಲಿಲ್ಲ ಅಂದ್ರೆ ನಾಚಿಕೆ ಬಿಟ್ಟು ಸೀದಾ ಆಸ್ಪತ್ರೆಗೆ ಬನ್ನಿ ಅಂತನೂ ಹೇಳಿದ್ರು.

ಮೆಡಿಕಲ್ ಶಾಪಿಗೆ ಬೇಕಂತಲೇ ಮನೆಯಿಂದ ನಾಲ್ಕು ಕಿಲೋಮೀಟರ್ ದೂರ ಹೋದೆ. ಕೌಂಟರ್‌ನಲ್ಲಿ ನನ್ನ ಹಳೇ ಸ್ಟೂಡೆಂಟು. "ಸಾರ್! ನಮಸ್ಕಾರ ಸಾರ್!" ಅಂತ ಕೈ ಮುಗಿದ. ಚೀಟಿ ನೋಡಿದ, ಮುಖದಲ್ಲಿ ಒಂದು ಗೆರೆನೂ ಅಲ್ಲಾಡಲಿಲ್ಲ, ಪೇಪರ್‌ನಲ್ಲಿ ಸುತ್ತಿ ಕೊಟ್ಟ. ಒಂದು ಮಾತ್ರೆಗೆ ಮಸಾಲೆ ದೋಸೆಗಿಂತ ಕಮ್ಮಿ ಆಯ್ತು. ಅವನಿಗೆ ಐದು ಸ್ಟಾರ್, ಹೈಸ್ಕೂಲಲ್ಲಿ 38 ಕೊಟ್ಟಿದ್ದಕ್ಕೆ ಈಗ ಬೇಜಾರಾಗ್ತಿದೆ.

ಮೊದಲ ಸಲ ಫ್ಲಾಪ್, ತಪ್ಪು ನಂದೇ. ಯುಗಾದಿ ಮಾರನೇ ದಿನ, ಹೊಸತೊಡಕು, ಹೊಟ್ಟೆ ಬಿರಿಯೋ ಹಾಗೆ ಮಟನ್ ತಿಂದು ಅದರ ಮೇಲೆ ಮಾತ್ರೆ ನುಂಗಿದ್ದೆ. ಜಿಡ್ಡಿನ ಊಟ ಆದ್ರೆ ಮಾತ್ರೆ ಏರೋದು ತಡ ಅಂತ ಅವರು ಹೇಳೇ ಇದ್ರು. ನಾವಿಬ್ರೂ ಗೊರಕೆ ಹೊಡೆದ್ವಿ. ಮುಂದಿನ ವಾರ ಎರಡು ಚಪಾತಿ ತಿಂದು ಒಂದು ಗಂಟೆ ಬಿಟ್ಟು, ಆಯ್ತು. ಮಾತ್ರೆ ನುಂಗಿ ಸುಮ್ನೆ ಕೂತ್ರೆ ಏನೂ ಆಗಲ್ಲ, ಮನಸ್ಸೂ ಬೇಕು, ಪಕ್ಕದಲ್ಲಿರೋರೂ ಬೇಕು.

ಪಕ್ಕದಲ್ಲಿರೋರ ವಿಷಯ. ಮೂರನೇ ವಿಸಿಟ್‌ಗೆ ಮನೆಯವರನ್ನೂ ಕರ್ಕೊಂಡು ಬನ್ನಿ ಅಂದ್ರು, ಇವಳು "ನಾನ್ಯಾಕೆ ರೀ" ಅಂತ ಗೊಣಗಿಕೊಂಡೇ ಬಂದ್ಲು. ಆಗ ಹೊರಗೆ ಬಂತು, ಮುಟ್ಟು ನಿಂತ ಮೇಲೆ ಅವಳಿಗೆ ಒಳಗೆ ಒಣಗಿ ನೋವಾಗ್ತಿತ್ತಂತೆ, ನನಗೆ ಹೇಳಿರಲಿಲ್ಲ. ಆ "ಬಿಡಿ" ಅಂದಿದ್ದರಲ್ಲಿ ಅರ್ಧ ಅವಳ ನೋವೇ ಇತ್ತು, ನಾನು ಎರಡು ವರ್ಷ ನನ್ನ ಗಂಡಸ್ತನದ ಲೆಕ್ಕಕ್ಕೆ ಹಾಕ್ಕೊಂಡು ಟಿವಿ ನೋಡ್ತಾ ಕೂತಿದ್ದೆ. ಲೇಡಿ ಡಾಕ್ಟ್ರ ಹತ್ರ ಕಳಿಸಿದ್ರು, ಕ್ರೀಮು, ಜೆಲ್ಲು ಕೊಟ್ರು. ನನಗೂ ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳೋದಿತ್ತು, ಅದಕ್ಕೆ ಹಳೇ ಮಾತ್ರೆ ಬದಲು ಟಡಲಾಫಿಲ್ 5, ದಿನಕ್ಕೊಂದು, ಪ್ರಾಸ್ಟೇಟಿಗೂ ಆಗುತ್ತೆ ಇದಕ್ಕೂ ಆಗುತ್ತೆ. ಗಡಿಯಾರ ನೋಡ್ಕೊಂಡು ನುಂಗೋ ತಾಪತ್ರಯ ಇಲ್ಲ, ಸೊಂಟ ಸ್ವಲ್ಪ ಹಿಡ್ಕೊಳ್ಳುತ್ತೆ ಅಷ್ಟೇ. ಶುಗರ್ ಈಗ 7.1, ವಾಕಿಂಗ್ ಶುರು. 20ರ ವಯಸ್ಸಿನ ಹಾಗೆ ಆಗಿಲ್ಲ, ಹಾಗಾಗಬೇಕು ಅಂತನೂ ಇಲ್ಲ, ಐದು ಸಲದಲ್ಲಿ ಒಂದು ಸಲ ಈಗಲೂ ಕೈಕೊಡುತ್ತೆ. ಡಾಕ್ಟ್ರಿಗೆ ನಾಲ್ಕೂವರೆ, ಅರ್ಧ ಕಟ್ ಮಾಡಿದ್ದು ಆ ರಿಸೆಪ್ಷನ್‌ಗೆ.

ಹೋದ ವಾರ ವಾಕಿಂಗ್‌ನಲ್ಲಿ ಪಕ್ಕದ ಬೀದಿಯವರೊಬ್ರು, 68 ಇರಬಹುದು, ಇದು ಹೇಗೆ ಗೊತ್ತಾಯ್ತೋ, "ಮೇಷ್ಟ್ರೇ, ಒಂದೆರಡು ಮಾತ್ರೆ ಇದ್ರೆ ಕೊಡಿ, ಡಾಕ್ಟ್ರ ಹತ್ರ ಹೋಗೋಕೆ ನಾಚಿಕೆ" ಅಂದ್ರು. ನಾಲಿಗೆ ಕೆಳಗೆ ಇಟ್ಕೊಳ್ಳೋ ಮಾತ್ರೆ ಏನಾದ್ರೂ ತಗೋತೀರಾ ಅಂತ ಕೇಳಿದೆ. "ಓ, ಅದಿಲ್ದೆ ಹೊರಗೇ ಬರಲ್ಲ" ಅಂತ ಶರ್ಟಿನ ಜೇಬಿಂದ ಸಾರ್ಬಿಟ್ರೇಟ್ ಸ್ಟ್ರಿಪ್ ತೆಗೆದು ತೋರಿಸಿದ್ರು. ಮಾತ್ರೆ ಕೊಡಲಿಲ್ಲ, ಕ್ಲಿನಿಕ್ ನಂಬರ್ ಕೊಟ್ಟೆ, ರಿಸೆಪ್ಷನ್‌ನಲ್ಲಿ ಕೇಳಿದ್ರೆ ಯೂರಿನ್ ಅನ್ನಬೇಡಿ ಅಂತನೂ ಹೇಳಿದೆ.