‘ಕಾರ್ಪೊರೇಟ್ ಲಾಯರ್’ ಕೆಲಸ ಅಂತ ಸನ್ನದು ನಂಬರ್ ಕೊಟ್ಟು ಕೂತ್ಕೋಬೇಡಿ

ಕಲಬುರಗಿ, ಬೀದರ್, ಯಾದಗಿರಿ ಕಡೆ ಈಗಷ್ಟೇ ಎಲ್‌ಎಲ್‌ಬಿ ಮುಗಿಸಿ ಸನ್ನದು (ವಕೀಲಿಕೆ ಮಾಡೋ ಪರವಾನಗಿ) ತಗೊಂಡವರು ಇದನ್ನ ಓದಿ. ನಾನು ಕಲಬುರಗಿಯವಳು. ಐದು ತಿಂಗಳು ಮಾಡಿದ ಒಂದು ಕೆಲಸದ ಕತೆ ಇದು.

ಮೊದಲು ಒಬ್ಬ ಸೀನಿಯರ್ ಹತ್ತಿರ ಜೂನಿಯರ್ ಆಗಿದ್ದೆ. ಕೈಗೆ ಬರ್ತಿದ್ದದ್ದು ಆಟೋ ಖರ್ಚು ಅಷ್ಟೇ. ಜೂನಿಯರ್‌ಗಳಿಗೆ ತಿಂಗಳಿಗೆ ನಗರದಲ್ಲಿ 20,000, ಹಳ್ಳಿ ಕಡೆ 15,000 ಕೊಡಿ ಅಂತ ಬಾರ್ ಕೌನ್ಸಿಲ್ ಆಫ್ ಇಂಡಿಯಾ 2024ರಲ್ಲಿ ಸುತ್ತೋಲೆ ಹೊರಡಿಸಿದ್ದು ನಿಜ. ಆದರೆ ಅದು ಬರೀ ಸಲಹೆ. ನಮ್ಮ ಸೀನಿಯರ್ ಅದನ್ನ ಓದಿ ನಕ್ಕು ಪಕ್ಕಕ್ಕಿಟ್ಟರು.

ಅಂಥ ಹೊತ್ತಲ್ಲಿ ಇಲ್ಲೇ ಊರಲ್ಲಿ ಒಂದು ಆಫೀಸು. ‘ಕಾರ್ಪೊರೇಟ್ ಲೀಗಲ್ ಅಸೋಸಿಯೇಟ್’, 18,000 ಸಂಬಳ, ಪಿಎಫ್, ಎಸಿ ರೂಮು. ಮೇ ತಿಂಗಳ ಕಲಬುರಗಿಯಲ್ಲಿ ಎಸಿ ಅಂದ್ರೆ ಅರ್ಧ ಸಂಬಳ ಕೊಟ್ಟ ಹಾಗೆ, ಅಲ್ವಾ? ಎರಡು ವರ್ಷಕ್ಕೆ ಮುಂಚೆ ಬಿಟ್ಟರೆ ಹಣ ಕಟ್ಟಬೇಕು ಅನ್ನೋ ಬಾಂಡ್‌ಗೆ ಸಹಿ ಹಾಕಿದೆ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ‘ವೆರಿಫಿಕೇಶನ್‌ಗೆ’ ಅಂತ ಇಟ್ಕೊಂಡರು, ಸುಮ್ನೆ ಕೊಟ್ಟೆ.

ಕಂಪನಿ ಕಾಯ್ದೆ, ಒಪ್ಪಂದ, ಅದೂ ಇದೂ ಅಂದ್ಕೊಂಡು ಹೋದವಳಿಗೆ ಸಿಕ್ಕಿದ್ದು ಫೈನಾನ್ಸ್ ಕಂಪನಿಗಳ ಸಾಲ ವಸೂಲಿ ನೋಟಿಸು. ನನ್ನ ಹೆಸರು, ಸನ್ನದು ನಂಬರ್, ಮನೆ ವಿಳಾಸ ಹಾಕಿ ಲೆಟರ್‌ಹೆಡ್ ಮಾಡಿಸಿದರು. ಮೊದಲ ವಾರ ಕೈಯಲ್ಲೇ ಸಹಿ. ಆಮೇಲೆ "ಮೇಡಂ, ದಿನಾ ಇಷ್ಟು ಸಹಿ ಯಾಕೆ ಹಾಕ್ತೀರಿ" ಅಂತ ಸಹಿಯನ್ನ ಸ್ಕ್ಯಾನ್ ಮಾಡಿ ಕಂಪ್ಯೂಟರ್‌ಗೆ ಹಾಕ್ಕೊಂಡರು. ಅಲ್ಲಿಂದ ಯಾರಿಗೆ ಏನು ಹೋಗ್ತಿದೆ ಅಂತ ನನಗೇ ಗೊತ್ತಿರಲಿಲ್ಲ.

ಒಂದು ಭಾನುವಾರ ಮನೆ ಬಾಗಿಲಿಗೆ ಆಳಂದ ಕಡೆಯ ಒಬ್ಬ ರೈತರು ಬಂದರು. ಅಪ್ಪ ಬಾಗಿಲು ತೆಗೆದರು. ನಾನು ರೊಟ್ಟಿ ಮಾಡ್ತಿದ್ದೆ, ಹಿಟ್ಟಿನ ಕೈಯಲ್ಲೇ ಹೊರಗೆ ಬಂದೆ. ಅವರು ಅಂಗಿ ಒಳಜೇಬಿನಿಂದ ಪ್ಲಾಸ್ಟಿಕ್ ಕವರ್ ತೆಗೆದು, ಬೈಕ್ ಸಾಲ ಪೂರ್ತಿ ತೀರಿದೆ ಅನ್ನೋ ಎನ್‌ಒಸಿ ಬಿಚ್ಚಿ ನನ್ನ ನೋಟಿಸಿನ ಪಕ್ಕ ಹಿಡಿದರು. "ಯವ್ವಾ, ಎಲ್ಲಾ ಕಟ್ಟೀನಲ್ಲ, ಮತ್ಯಾಕ ಕಳ್ಸೀದಿ?" ಬೈದಿದ್ದರೂ ತಡ್ಕೊಳ್ತಿದ್ದೆ. ಅಪ್ಪ ನೋಟಿಸು ತಗೊಂಡು ಕನ್ನಡಕ ಹಾಕ್ಕೊಂಡು ಪೂರ್ತಿ ಓದಿದರು, ಏನೂ ಅನ್ನಲಿಲ್ಲ.

ಮರುದಿನ ಹೈಕೋರ್ಟ್ ಪೀಠದ ಹತ್ತಿರ ಪರಿಚಯದ ವಕೀಲರೊಬ್ಬರಿಗೆ ಹೇಳಿದಾಗ ಅವರು ಮೊದಲು ಕೇಳಿದ್ದು ಪೇ ಸ್ಲಿಪ್. ಬಾರ್ ಕೌನ್ಸಿಲ್ ನಿಯಮ 49ರ ಪ್ರಕಾರ, ವಕೀಲಿಕೆ ಮಾಡುವವರು ಯಾವ ಸಂಸ್ಥೆಯಲ್ಲೂ ಪೂರ್ಣಾವಧಿ ಸಂಬಳದ ನೌಕರರಾಗಿ ಇರುವಂತಿಲ್ಲ. ಸೇರಿದರೆ ರಾಜ್ಯ ಬಾರ್ ಕೌನ್ಸಿಲ್‌ಗೆ ತಿಳಿಸಿ, ಆ ನೌಕರಿ ಇರುವಷ್ಟು ದಿನ ವಕೀಲಿಕೆ ನಿಲ್ಲಿಸಬೇಕು. ಅದಕ್ಕೇ ದೊಡ್ಡ ಲಾ ಫರ್ಮ್‌ಗಳಲ್ಲಿ ಸಾಮಾನ್ಯವಾಗಿ ಸಂಬಳ ಅನ್ನದೆ ರಿಟೇನರ್ ಫೀ (ನೌಕರರಿಗಲ್ಲ, ವಕೀಲರಿಗೆ ಅಂತ ಕೊಡೋ ಶುಲ್ಕ) ಅಂತ ಕೊಡ್ತಾರೆ. ನಾನೋ, ಒಂದು ಕೈಯಲ್ಲಿ ಪಿಎಫ್ ತಗೊಂಡು ಇನ್ನೊಂದು ಕೈಯಲ್ಲಿ ಅಡ್ವೊಕೇಟ್ ಅಂತ ಸಹಿ ಹಾಕ್ತಿದ್ದೆ. ಯಾರಾದರೂ ದೂರು ಕೊಟ್ಟರೆ 1961ರ ವಕೀಲರ ಕಾಯ್ದೆಯ 35ನೇ ಕಲಂ ಕೆಳಗೆ ವೃತ್ತಿ ದುರ್ನಡತೆಯ ವಿಚಾರಣೆಗೆ ನಿಲ್ಲೋದು ನಾನು, ಆಫೀಸಿನವರಲ್ಲ. ಸನ್ನದೇ ಹೋಗಬಹುದು.

ಬಿಡ್ತೀನಿ ಅಂದೆ. ಬಾಂಡ್ ಹಣ ಒಂದೂವರೆ ಲಕ್ಷ ಕಟ್ಟು ಅಂದರು. ವೃತ್ತಿ, ವ್ಯಾಪಾರ ಮಾಡದಂತೆ ತಡೆಯೋ ಒಪ್ಪಂದ ನಡೆಯಲ್ಲ ಅನ್ನೋ ಕರಾರು ಕಾಯ್ದೆಯ 27ನೇ ಕಲಂ ಇದೆ, ಬಾಂಡ್ ಎಲ್ಲಾ ಸುಳ್ಳು ಅಂತ ಗೆಳತಿಯರು ಧೈರ್ಯ ಹೇಳಿದರು. ಹಾಗೆ ನಂಬಬೇಡಿ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಒಂದು ಸರ್ಕಾರಿ ಬ್ಯಾಂಕಿನ ಕೇಸಲ್ಲಿ 2 ಲಕ್ಷದ ಬಾಂಡ್ ಒಪ್ಪಿಕೊಂಡಿದೆ. ಕೊನೆಗೆ ಆ ವಕೀಲರೇ ಪತ್ರ ಬರೆದು ನಿಯಮ 49ರ ಮಾತು ಎತ್ತಿದ ಮೇಲೆ ಆಫೀಸಿನವರು ತಣ್ಣಗಾದರು, ಮಾರ್ಕ್ಸ್ ಕಾರ್ಡ್ ವಾಪಸ್ ಬಂತು. ಕೊನೆ ತಿಂಗಳ ಸಂಬಳ ಬರಲಿಲ್ಲ.

ನನ್ನ ಹೆಸರು, ಸಹಿ ಇನ್ನು ಬಳಸಬಾರದು ಅಂತ ಪೋಸ್ಟಲ್ಲಿ ಪತ್ರ ಹಾಕಿದ್ದೆ, ಸ್ವೀಕೃತಿ ಫೈಲಲ್ಲಿದೆ. ಹೋದ ವಾರ ಜೇವರ್ಗಿಯಿಂದ ಒಬ್ಬರು ಫೋನ್ ಮಾಡಿ, ನೀವು ಕಳಿಸಿದ ನೋಟಿಸು ಬಂದಿದೆ ಅಂದರು. ಫೋಟೋ ತರಿಸಿ ನೋಡಿದೆ. ತಾರೀಖು ನಾನು ಕೆಲಸ ಬಿಟ್ಟು ಎರಡು ತಿಂಗಳಾದ ಮೇಲಿನದು. ಸೋಮವಾರ ಅದನ್ನೂ ಆ ಸ್ವೀಕೃತಿಯನ್ನೂ ಹಿಡ್ಕೊಂಡು ಪೊಲೀಸ್ ಠಾಣೆಗೆ ಹೋಗ್ತಿದ್ದೀನಿ, ಅಪ್ಪನೂ ಬರ್ತೀನಿ ಅಂದಿದ್ದಾರೆ.