ಎಲೆಕ್ಟ್ರಾನಿಕ್ ಸಿಟಿ ಪಿಜಿಯೋ, ಜಯನಗರದ ಹಂಚಿಕೊಂಡ ಮನೆಯೋ?

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಮೊದಲ ಕೆಲಸ ಸಿಕ್ಕಿದೆಯಾ? ಹಾಗಾದರೆ ಮನೆಯ ಲೆಕ್ಕವನ್ನು ಬಾಡಿಗೆಯೊಂದರಿಂದಲೇ ಹಾಕಬೇಡಿ.

ಆಫೀಸ್ ಪಕ್ಕದ ಪಿಜಿಯಲ್ಲಿ ಬಾಡಿಗೆ ಕಡಿಮೆ. ಅಡ್ವಾನ್ಸ್ ಸಾಮಾನ್ಯವಾಗಿ ಒಂದೆರಡು ತಿಂಗಳದ್ದು, ತಿಂಡಿ ಊಟವೂ ಅದರಲ್ಲೇ. ನಡೆದೇ ಆಫೀಸ್ ತಲುಪಬಹುದು. ಆದರೆ ಸಂಜೆ ಕಳೆಯುವುದು ಕಷ್ಟ. ಸುತ್ತಲೂ ಕಂಪನಿಗಳೇ, ಗೆಳೆಯರೆಲ್ಲ ಊರೊಳಗೆ. ಗೇಟ್ ಎಷ್ಟು ಗಂಟೆಗೆ ಹಾಕುತ್ತಾರೆ ಅಂತ ಮೊದಲೇ ಕೇಳಿ. ಹುಡುಗಿಯರ ಪಿಜಿಗಳಲ್ಲಿ ಇದು ದೊಡ್ಡ ತಲೆನೋವು.

ಜಯನಗರದಲ್ಲಿ ಮೂವರು ಸೇರಿ ಮನೆ ಮಾಡಿದರೆ ಖರ್ಚು ಜಾಸ್ತಿ. ಅಡ್ವಾನ್ಸ್ ಐದಾರು ತಿಂಗಳದ್ದಾದರೂ ಕೇಳುತ್ತಾರೆ, ಹೊಸಬರಿಗೆ ಅದೇ ದೊಡ್ಡ ಏಟು. ಪಾತ್ರೆ, ಗ್ಯಾಸ್, ಕರೆಂಟ್ ಬಿಲ್ ಬೇರೆ. ಆದರೆ 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗದ ಮೆಟ್ರೋ ಶುರುವಾದ ಮೇಲೆ ಲೆಕ್ಕವೇ ಬದಲಾಗಿದೆ. ಜಯನಗರದ ಪಕ್ಕದ ಆರ್.ವಿ. ರೋಡ್‌ನಲ್ಲಿ ಹತ್ತಿ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇಳಿದರೆ ಸಿಲ್ಕ್ ಬೋರ್ಡ್ ಟ್ರಾಫಿಕ್‌ನ ಹಂಗಿಲ್ಲ. ಸಂಜೆ ಗಾಂಧಿ ಬಜಾರ್, ಜೆ.ಪಿ. ನಗರದ ರಂಗಶಂಕರ ರಂಗಮಂದಿರ ಎರಡೂ ಹತ್ತಿರ. ರಂಗಶಂಕರದಲ್ಲಿ ನಾಟಕ ಶುರುವಾದ ಮೇಲೆ ಒಳಗೆ ಬಿಡುವುದಿಲ್ಲ. ದೂರವಿದ್ದರೆ ವಾರದ ದಿನ ನಾಟಕ ನೋಡುವ ಆಸೆಯನ್ನೇ ಬಿಡಬೇಕಾಗುತ್ತದೆ.

ನೈಟ್ ಶಿಫ್ಟ್ ಇದ್ದರೆ ಪಿಜಿಯೇ ಸರಿ. ಹಗಲು ಕೆಲಸವಿದ್ದು, ನಂಬುವಂಥ ಇಬ್ಬರು ಗೆಳೆಯರಿದ್ದರೆ ನಾನು ಜಯನಗರ ಅಂತಲೇ ಹೇಳುತ್ತೇನೆ. ಹೊಸ ಊರಿನಲ್ಲಿ ಜನ ಬೇಕು, ಅಲ್ವಾ? ಅಡ್ವಾನ್ಸ್‌ಗೆ ದುಡ್ಡು ಸಾಲದಿದ್ದರೆ ಬೊಮ್ಮನಹಳ್ಳಿ, ಹೊಂಗಸಂದ್ರದ ಕಡೆ ನೋಡಿ. ಅವೂ ಇದೇ ಮಾರ್ಗದಲ್ಲಿವೆ. ಮನೆ ನಿಲ್ದಾಣದಿಂದ ನಡೆಯುವಷ್ಟು ಹತ್ತಿರವಿರಲಿ, ಇಲ್ಲದಿದ್ದರೆ ದಿನಾ ಆಟೋಗೇ ದುಡ್ಡು ಹೋಗುತ್ತದೆ.