ಅಜ್ಜಿಯ ಕಣ್ಣು, ಗಿಂಪ್‌ನ ಮಾಸ್ಕ್

ಹನ್ನೆರಡು-ಹದಿನೆಂಟು ಇಂಚಿನ ಪ್ರಿಂಟು ಬಿಚ್ಚಿ ಮೇಜಿನ ಮೇಲೆ ಹರಡಿದಾಗ ಅಮ್ಮ ಒಂದು ನಿಮಿಷ ಸುಮ್ಮನೆ ನೋಡಿದರು. ಆಮೇಲೆ, "ಇದೇನೇ ಇದು, ಅಮ್ಮನ ಮುಖ ಬಿರುಕು ಬಿಟ್ಟ ಹಾಗಿದೆ?" ಅಂದರು. ನಾನು ಕಿಟಕಿಯ ಬೆಳಕಿನಲ್ಲಿ ತೆಗೆದ ಅಜ್ಜಿಯ ಫೋಟೊ ಅದು. ಪ್ರಿಂಟ್ ಮಾಡಿಕೊಟ್ಟವರು ಇಡೀ ಚಿತ್ರಕ್ಕೆ ಒಂದೇ ಅಳತೆಯಲ್ಲಿ ಶಾರ್ಪನಿಂಗ್, ಅಂದರೆ ಅಂಚುಗಳನ್ನು ಚೂಪಾಗಿ ಕಾಣಿಸುವ ತಿದ್ದುಪಡಿ, ಏರಿಸಿದ್ದರು. ಕಣ್ಣು ಚೆನ್ನಾಗಿಯೇ ಎದ್ದು ಬಂದಿತ್ತು. ಆದರೆ ಕಣ್ಣಿನ ಜೊತೆಗೆ ಕೆನ್ನೆಯ ಪ್ರತಿಯೊಂದು ಸುಕ್ಕೂ, ಮೂಗಿನ ಮೇಲಿನ ಪ್ರತಿಯೊಂದು ರಂಧ್ರವೂ, ಕನ್ನಡಕದ ಫ್ರೇಮೂ ಎದ್ದು ಬಂದಿದ್ದವು. ಅಜ್ಜಿಯ ಸುಕ್ಕುಗಳು ಮೆತ್ತಗಿವೆ, ಹಳೆಯ ಹತ್ತಿಯ ಸೀರೆಯ ಮಡಿಕೆಗಳ ಹಾಗೆ. ಆ ಪ್ರಿಂಟಿನಲ್ಲಿ ಅವು ಗೆರೆ ಕೊರೆದ ಹಾಗೆ ಕಾಣುತ್ತಿದ್ದವು.

ಆ ಬೇಸರದಿಂದಲೇ ಫೋಟೊ ತಿದ್ದುವ ಸಾಫ್ಟ್‌ವೇರ್ ಗಿಂಪ್ 3.0 ಇನ್‌ಸ್ಟಾಲ್ ಮಾಡಿ, ಮೂಲ ಫೈಲಿನಿಂದ ಮತ್ತೆ ಶುರು ಮಾಡಿದೆ. ನಾಲ್ಕು ಸಂಜೆ ಹಿಡಿಯಿತು. ಮುಖದ ಬೇಕಾದ ಜಾಗಕ್ಕೆ ಮಾತ್ರ ಶಾರ್ಪ್‌ನೆಸ್ ಕೊಡುವ ಈ ಒಂದು ಕೆಲಸಕ್ಕೆ ಗಿಂಪ್ ಎಷ್ಟರ ಮಟ್ಟಿಗೆ ಒದಗುತ್ತದೆ ಅನ್ನುವುದನ್ನಷ್ಟೇ ಇಲ್ಲಿ ಬರೆಯುತ್ತೇನೆ. ಈ ಸಾಫ್ಟ್‌ವೇರಿನ ಉಳಿದ ನೂರೆಂಟು ಸಂಗತಿಗಳ ಬಗ್ಗೆ ಮಾತಾಡುವಷ್ಟು ನಾನು ಅದನ್ನು ಬಳಸಿಲ್ಲ.

ಗಿಂಪ್ ಹಳೆಯದು, 1995ರಲ್ಲಿ ಇಬ್ಬರು ವಿದ್ಯಾರ್ಥಿಗಳು ಶುರು ಮಾಡಿದ್ದು. ಉಚಿತ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ನನಗೆ ಮುಖ್ಯವಾದದ್ದು 2025ರ ಮಾರ್ಚ್‌ನಲ್ಲಿ ಬಂದ 3.0 ಆವೃತ್ತಿ. ಅದಕ್ಕೂ ಮೊದಲು ಶಾರ್ಪನಿಂಗ್‌ನಂಥ ಫಿಲ್ಟರ್ ಹಾಕಿದರೆ ಅದು ಚಿತ್ರದೊಳಗೇ ಸೇರಿಹೋಗುತ್ತಿತ್ತು. ಇವತ್ತು ಹಾಕಿದ್ದು ನಾಳೆ ಜಾಸ್ತಿ ಅನ್ನಿಸಿದರೆ ಆ ಲೇಯರನ್ನು, ಅಂದರೆ ಚಿತ್ರದ ಮೇಲೆ ಹಾಳೆಯ ಹಾಗೆ ಕೂರುವ ಪದರವನ್ನು, ಕಿತ್ತು ಮತ್ತೆ ಮಾಡಬೇಕಿತ್ತು. ಈಗ ಫಿಲ್ಟರ್ ಲೇಯರಿನ ಮೇಲೆ ಬೇರೆಯಾಗಿ ಕೂತಿರುತ್ತದೆ. ಲೇಯರ್‌ಗಳ ಪಟ್ಟಿಯಲ್ಲಿ ಅದರ ಗುರುತಿನ ಮೇಲೆ ಒತ್ತಿ, ಯಾವಾಗ ಬೇಕಾದರೂ ಅಂಕಿಗಳನ್ನು ಬದಲಾಯಿಸಬಹುದು. ಫೈಲನ್ನು ಗಿಂಪ್‌ನದೇ ಆದ ಎಕ್ಸ್‌ಸಿಎಫ್ ರೂಪದಲ್ಲಿ ಉಳಿಸಿಟ್ಟರೆ ಮುಚ್ಚಿ ತೆರೆದ ಮೇಲೂ ಹಾಗೇ ಇರುತ್ತದೆ. ಸಂಜೆ ದಣಿದ ಕಣ್ಣಲ್ಲಿ ಮಾಡಿದ್ದನ್ನು ಬೆಳಿಗ್ಗೆ ನೋಡಿ ತಿದ್ದುವ ನನ್ನಂಥವರಿಗೆ ಇದೊಂದೇ ಸಾಕು, ಈ ಆವೃತ್ತಿಗೆ ಬರುವುದಕ್ಕೆ.

ನಾನು ಬಳಸಿದ್ದು ಅನ್‌ಶಾರ್ಪ್ ಮಾಸ್ಕ್, ಎನ್‌ಹ್ಯಾನ್ಸ್ ಅನ್ನುವ ಮೆನುವಿನೊಳಗೆ ಇರುವ ಫಿಲ್ಟರ್. ಶಾರ್ಪ್ ಮಾಡುವ ಸಾಧನಕ್ಕೆ ಈ ಹೆಸರು ಯಾಕೆ ಅಂತ ಮೊದಲು ನನಗೂ ಅನ್ನಿಸಿತ್ತು. ಹೆಸರು ಡಾರ್ಕ್‌ರೂಮಿನಿಂದ ಬಂದದ್ದು. ನೆಗೆಟಿವ್‌ನಿಂದ ಸ್ವಲ್ಪ ಮಸುಕಾದ ಒಂದು ಪಾಸಿಟಿವ್ ಪ್ರತಿ ಮಾಡಿ, ಎರಡನ್ನೂ ಒಂದರ ಮೇಲೊಂದು ಇಟ್ಟು ಪ್ರಿಂಟ್ ತೆಗೆಯುತ್ತಿದ್ದರು. ಆ ಮಸುಕು ಪ್ರತಿಯೇ ಅನ್‌ಶಾರ್ಪ್ ಆದ ಮಾಸ್ಕ್. ಸಾಫ್ಟ್‌ವೇರ್ ಮಾಡುವುದೂ ಇದನ್ನೇ: ಚಿತ್ರದ ಮಸುಕು ಪ್ರತಿ ಮಾಡಿಕೊಂಡು, ಮೂಲಕ್ಕೂ ಅದಕ್ಕೂ ಇರುವ ವ್ಯತ್ಯಾಸವನ್ನು ಮೂಲಕ್ಕೇ ಸೇರಿಸುತ್ತದೆ. ಅಂಚಿನ ಕತ್ತಲೆ ಭಾಗ ಇನ್ನಷ್ಟು ಕಪ್ಪಾಗುತ್ತದೆ, ಬೆಳಕಿನ ಭಾಗ ಇನ್ನಷ್ಟು ಬಿಳಿಯಾಗುತ್ತದೆ. ಹೊಸ ವಿವರ ಒಂದೂ ಹುಟ್ಟುವುದಿಲ್ಲ. ಕ್ಯಾಮೆರಾ ಅಲುಗಿ ಹಾಳಾದ ಚಿತ್ರ, ಫೋಕಸ್ ಕಿವಿಯ ಮೇಲೆ ಕೂತ ಚಿತ್ರ ಇದರಿಂದ ಸರಿಹೋಗುತ್ತದೆ ಅಂತ ಕಾಯಬೇಡಿ.

ಇದು ಅರ್ಥವಾದರೆ ಮೂರು ಅಂಕಿಗಳೂ ಅರ್ಥವಾಗುತ್ತವೆ. ರೇಡಿಯಸ್ ಅಂದರೆ ಅಂಚಿನ ಎರಡೂ ಬದಿ ಎಷ್ಟು ಅಗಲ ಪ್ರಭಾವ ಬೀಳಬೇಕು ಅನ್ನುವುದು. ಅಮೌಂಟ್ ಅಂದರೆ ಎಷ್ಟು ಜೋರು. ಥ್ರೆಶೋಲ್ಡ್ ಅಂದರೆ ಎಷ್ಟು ಚಿಕ್ಕ ವ್ಯತ್ಯಾಸವನ್ನು ಮುಟ್ಟದೆ ಬಿಡಬೇಕು ಅನ್ನುವುದು. ಈ ಫಿಲ್ಟರ್ ತೆರೆದ ಕೂಡಲೇ ರೇಡಿಯಸ್ 3.0, ಅಮೌಂಟ್ 0.5, ಥ್ರೆಶೋಲ್ಡ್ ಸೊನ್ನೆ ಇರುತ್ತದೆ. ಮುಖಕ್ಕೆ ಆ ರೇಡಿಯಸ್ ನನ್ನ ಮಟ್ಟಿಗೆ ದಪ್ಪ. ರೆಪ್ಪೆಯ ಒಂದೊಂದು ಕೂದಲೂ ನನ್ನ ಫೈಲಿನಲ್ಲಿ ನಾಲ್ಕೈದು ಪಿಕ್ಸೆಲ್ ಅಗಲ ಇತ್ತು. 3.0 ಕೊಟ್ಟರೆ ಪ್ರತಿ ಕೂದಲಿನ ಸುತ್ತ ಬಿಳಿ ಗೆರೆ ಎದ್ದು, ರೆಪ್ಪೆಗೆ ಸುಣ್ಣ ಬಳಿದ ಹಾಗಾಯಿತು.

ಕೊನೆಗೆ ನಿಂತದ್ದು ಎರಡು ಲೇಯರ್, ಎರಡೂ ಮೂಲ ಚಿತ್ರದ ಪ್ರತಿಗಳೇ. ಮೂಲ ಚಿತ್ರ 4000×6000 ಪಿಕ್ಸೆಲ್, ಮುಖವೇ ಮುಕ್ಕಾಲು ಭಾಗ ತುಂಬಿದೆ. ಒಂದು ಪ್ರತಿಗೆ ರೇಡಿಯಸ್ 1.0, ಅಮೌಂಟ್ 1.2, ಇದು ರೆಪ್ಪೆಗೂ ಕಣ್ಣಿಗೂ. ಇನ್ನೊಂದಕ್ಕೆ ರೇಡಿಯಸ್ 2.5, ಅಮೌಂಟ್ 0.5, ಇದು ಹುಬ್ಬಿಗೂ ಹಣೆಯ ಮೇಲಿನ ನರೆಗೂದಲಿಗೂ. ಎರಡರಲ್ಲೂ ಥ್ರೆಶೋಲ್ಡ್ 0.020ರ ಆಸುಪಾಸು. ಎರಡೂ ಲೇಯರ್ ಕೆಳಗಿನ ಚಿತ್ರದ ಜೊತೆ ಬೆರೆಯುವ ಬಗೆಯನ್ನು (ಮೋಡ್) ಲುಮಿನನ್ಸ್‌ಗೆ ಬದಲಾಯಿಸಿದೆ, ಬೆಳಕು-ಕತ್ತಲೆ ಮಾತ್ರ ಬದಲಾಗಲಿ, ಬಣ್ಣ ಹಾಗೇ ಇರಲಿ ಅಂತ. ಹಾಗೆ ಮಾಡದಿದ್ದಾಗ ಕಣ್ಣಂಚಿನ ಕೆಂಪು ಸ್ವಲ್ಪ ಉರಿದ ಹಾಗೆ ಕಾಣುತ್ತಿತ್ತು. ಆಮೇಲೆ ಎರಡಕ್ಕೂ ಕಪ್ಪು ಮಾಸ್ಕ್. ಇದು ಮೇಲೆ ಹೇಳಿದ ಅನ್‌ಶಾರ್ಪ್ ಮಾಸ್ಕ್ ಅಲ್ಲ, ಲೇಯರನ್ನು ಮರೆಮಾಡುವ ಮುಸುಕು. ಕಪ್ಪು ಮಾಸ್ಕ್ ಹಾಕಿದ ತಕ್ಷಣ ಶಾರ್ಪನಿಂಗ್ ಪೂರ್ತಿ ಮರೆಯಾಗುತ್ತದೆ. ಬಿಳಿ ಬ್ರಷ್ ಹಿಡಿದು ಎಲ್ಲಿ ಬಳಿಯುತ್ತೇವೋ ಅಲ್ಲಿ ಮಾತ್ರ ಅದು ಹೊರಗೆ ಬರುತ್ತದೆ.

ಬ್ರಷ್ ಅಂಚು ಮೆತ್ತಗಿರಬೇಕು. ಒಪಾಸಿಟಿ, ಅಂದರೆ ಬಳಿದದ್ದು ಎಷ್ಟು ದಟ್ಟವಾಗಿ ಬೀಳಬೇಕು ಅನ್ನುವುದನ್ನು, ನಾನು ಶೇಕಡಾ 30 ಇಟ್ಟುಕೊಂಡೆ. ಒಂದೇ ಸಲಕ್ಕೆ 100 ಇಟ್ಟು ಬಳಿದರೆ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಅಂತ ನೋಡುವವರ ಕಣ್ಣಿಗೆ ಗೊತ್ತಾಗಿಬಿಡುತ್ತದೆ. ಮೂವತ್ತರಲ್ಲಿ ಒಂದು ಸುತ್ತು, ಬೇಕಿದ್ದರೆ ಅದರ ಮೇಲೆ ಇನ್ನೊಂದು ಸುತ್ತು. ಜಾಸ್ತಿಯಾದರೆ ಎಕ್ಸ್ ಕೀಲಿ ಒತ್ತಿ ಕಪ್ಪಿಗೆ ಬದಲಾಯಿಸಿ ಅಳಿಸಿದರಾಯಿತು. ಆಲ್ಟ್ ಹಿಡಿದು ಮಾಸ್ಕಿನ ಮೇಲೆ ಕ್ಲಿಕ್ ಮಾಡಿದರೆ ಮಾಸ್ಕೇ ಕಾಣುತ್ತದೆ. ಅದನ್ನು ಮೊದಲ ಸಲ ನೋಡಿದಾಗ ಕತ್ತಲಲ್ಲಿ ಎರಡು ಕಣ್ಣು, ಎರಡು ಹುಬ್ಬು, ತುಟಿಯ ನಡುವಿನ ಒಂದು ಗೆರೆ ಮಾತ್ರ ಬೂದು ಬಣ್ಣದಲ್ಲಿ ತೇಲುತ್ತಿದ್ದವು. ಅಷ್ಟರಲ್ಲೇ ಅಜ್ಜಿಯ ಗುರುತು ಸಿಗುತ್ತಿತ್ತು.

ಹೆಚ್ಚು ಹೊತ್ತು ಹಿಡಿದದ್ದು ಎಡಗಣ್ಣು, ಕ್ಯಾಮೆರಾಕ್ಕೆ ಹತ್ತಿರ ಇದ್ದದ್ದು. ಶೇಕಡಾ 200ಕ್ಕೆ ಹಿಗ್ಗಿಸಿ ನೋಡುತ್ತಿದ್ದೆ. ಕಣ್ಣುಗುಡ್ಡೆಯ ಮೇಲ್ಭಾಗದಲ್ಲಿ ಕಿಟಕಿಯ ಪ್ರತಿಬಿಂಬ, ನಡುವೆ ಕಿಟಕಿಯ ಸರಳು ಕೂಡ ಕಾಣುತ್ತಿತ್ತು. ಅದಕ್ಕೆ ಎರಡು ಸುತ್ತು ಬಿಳಿ. ಕೆಳರೆಪ್ಪೆಯ ಒಳಂಚಿನಲ್ಲಿ ನೀರಿನ ಸಣ್ಣ ಗೆರೆ, ಅದಕ್ಕೆ ಒಂದು ಸುತ್ತು. ಕಂದು ಭಾಗದ ಎಳೆಗಳಿಗೆ ಇನ್ನೊಂದು. ಆಮೇಲೆ ಕಂದು ಮುಗಿದು ಬಿಳಿ ಶುರುವಾಗುವ ಅಂಚು. ವಯಸ್ಸಾದವರ ಕಣ್ಣಿನಲ್ಲಿ ಆ ಅಂಚಿನ ಉದ್ದಕ್ಕೂ ತಿಳಿ ಬೂದು ಬಣ್ಣದ ಒಂದು ಉಂಗುರ ಮೂಡುತ್ತದಲ್ಲ, ಅಜ್ಜಿಗೂ ಇದೆ. ಮೊದಲ ಸಂಜೆ ಇಡೀ ಕಣ್ಣುಗುಡ್ಡೆಗೆ ಬಳಿದುಬಿಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಆ ಉಂಗುರ ತಂತಿ ಸುತ್ತಿದ ಹಾಗೆ ಗಟ್ಟಿಯಾಗಿ ಕೂತಿತ್ತು. ಅಜ್ಜಿಯ ನೋಟ ಬೇರೆ ಯಾರದೋ ಅನ್ನಿಸುವಷ್ಟು ಕಠಿಣವಾಗಿತ್ತು. ಆ ಉಂಗುರ ಮಂಜಿನ ಹಾಗೆ ಕರಗುತ್ತಾ ಬಿಳಿಗೆ ಸೇರುತ್ತದೆ, ಅವರ ಕಣ್ಣಿನ ಮೃದುತ್ವ ಇರುವುದೇ ಅಲ್ಲಿ. ಕಪ್ಪು ಬ್ರಷ್ ಹಿಡಿದು ಉಂಗುರದಷ್ಟನ್ನು ಮಾತ್ರ ವಾಪಸ್ ಅಳಿಸಿದೆ. ಹಳೆಯ ಅಜ್ಜಿ ಮರಳಿದರು.

ಗಿಂಪ್‌ನ ಈ ನಿಧಾನದ ದಾರಿಯ ಬಗ್ಗೆ ನನಗೆ ಗೌರವ ಹುಟ್ಟಿದ್ದು ಆ ಉಂಗುರದಿಂದ. 2022ರಿಂದ ಈಚೆಗೆ ಅಡೋಬಿಯ ಫೋಟೊ ಸಾಫ್ಟ್‌ವೇರ್ ಲೈಟ್‌ರೂಮ್ ಮುಖವನ್ನು ತಾನೇ ಗುರುತಿಸಿ ಚರ್ಮ, ಹುಬ್ಬು, ಕಣ್ಣಿನ ಬಿಳಿ, ಕಣ್ಣುಗುಡ್ಡೆ, ತುಟಿ, ಹಲ್ಲು, ಕೂದಲು ಅಂತ ಬೇರೆ ಬೇರೆ ಮಾಸ್ಕ್ ಮಾಡಿಕೊಡುತ್ತದೆ. ಗೆಳತಿಯ ಕಂಪ್ಯೂಟರಿನಲ್ಲಿ ಮಾಡಿ ನೋಡಿದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ. ಅದರ ಶಾರ್ಪನಿಂಗ್‌ನಲ್ಲಿ ಮಾಸ್ಕಿಂಗ್ ಅನ್ನುವ ಸ್ಲೈಡರ್ ಇನ್ನೂ ಇಷ್ಟವಾಯಿತು. ಆಲ್ಟ್ ಒತ್ತಿಕೊಂಡು ಎಳೆದರೆ ಯಾವ ಅಂಚಿಗೆ ಶಾರ್ಪನಿಂಗ್ ಹೋಗುತ್ತದೆ ಅನ್ನುವುದು ಕಪ್ಪು-ಬಿಳಿಯಲ್ಲಿ ಕಾಣುತ್ತದೆ, ಎಳೆದ ಹಾಗೆ ಕೆನ್ನೆ ಕಪ್ಪಾಗುತ್ತಾ ಹೋಗುತ್ತದೆ. ಒಂದು ಸಮಾರಂಭದ ಮುನ್ನೂರು ಮುಖಗಳನ್ನು ಮುಗಿಸಬೇಕಾದವರು ಅದನ್ನೇ ಬಳಸಲಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಲೆಕ್ಕದಲ್ಲಿ ಕಣ್ಣುಗುಡ್ಡೆ ಒಂದು ಭಾಗ. ಈ ಕಣ್ಣುಗುಡ್ಡೆಯ ಅಂಚು ಮಾತ್ರ ಮೆತ್ತಗಿರಬೇಕು ಅನ್ನುವುದು ಅಜ್ಜಿಯನ್ನು ಬಲ್ಲವರಿಗೇ ಗೊತ್ತು. ಅಲ್ಲೂ ಬ್ರಷ್ ಹಿಡಿದು ಮಾಸ್ಕ್ ತಿದ್ದಬಹುದು, ನಿಜ. ಆದರೆ ಸಿದ್ಧವಾಗಿ ಸಿಕ್ಕಿದ್ದನ್ನು ತಿದ್ದಬೇಕು ಅಂತ ನನಗೆ ಹೊಳೆಯುತ್ತಿತ್ತೋ ಇಲ್ಲವೋ.

ಕನ್ನಡಕದ ಕಥೆ ಬೇರೆ. ಲೋಹದ ತೆಳು ಫ್ರೇಮು ಸಹಜವಾಗಿಯೇ ಮುಖದಲ್ಲಿ ಎಲ್ಲಕ್ಕಿಂತ ಗಟ್ಟಿ ಅಂಚು. ಶಾರ್ಪನಿಂಗ್ ಇಲ್ಲದೆಯೇ ಅದು ಕಣ್ಣನ್ನು ಎಳೆಯುತ್ತದೆ. ರೆಪ್ಪೆಗೆ ಬಳಿಯುವಾಗ ಬ್ರಷ್ ಸ್ವಲ್ಪ ತಗುಲಿದರೂ ಸಾಕು, ಫ್ರೇಮು ಮುಂದೆ ಬಂದು ಕಣ್ಣು ಹಿಂದೆ ಹೋಗುತ್ತದೆ. ಬ್ರಷ್ಷನ್ನು ಚಿಕ್ಕದು ಮಾಡಿಕೊಂಡು ಫ್ರೇಮಿನ ಉದ್ದಕ್ಕೂ ಕಪ್ಪು ಎಳೆದೆ. ಇದಕ್ಕೇ ಅರ್ಧ ಸಂಜೆ ಹೋಯಿತು. ಕನ್ನಡಕ ಹಾಕಿದವರ ಫೋಟೊ ತಿದ್ದುವ ಎಲ್ಲರಿಗೂ ಇದನ್ನು ಒತ್ತಿ ಹೇಳುತ್ತೇನೆ, ಮೊದಲು ಫ್ರೇಮು ನೋಡಿಕೊಳ್ಳಿ.

ಬಲಗಣ್ಣಿಗೆ ಕೈ ಹಾಕಿದ್ದು ಕಡಿಮೆ. ಎಫ್/2ರಲ್ಲಿ, ಅಂದರೆ ಲೆನ್ಸಿನ ಕಿಂಡಿ ಅಗಲವಾಗಿ ತೆರೆದು, ತೆಗೆದದ್ದರಿಂದ ಅದು ಮೊದಲೇ ತುಸು ಮಸುಕು. ಎಡಗಣ್ಣಿನಷ್ಟೇ ಶಾರ್ಪ್ ಮಾಡಲು ಹೋದರೆ ಮುಖ ಚಪ್ಪಟೆಯಾಗುತ್ತದೆ, ಆಳ ಹೋಗುತ್ತದೆ. ಒಂದೇ ಒಂದು ಸುತ್ತು, ಅದೂ ರೆಪ್ಪೆಗೆ ಮಾತ್ರ. ಕೆನ್ನೆ, ಹಣೆ, ಗದ್ದ ಯಾವುದನ್ನೂ ಮುಟ್ಟಲಿಲ್ಲ. ಮೂಗಿನ ಪಕ್ಕದ ಮಚ್ಚೆಗೆ ಒಂದು ಚುಕ್ಕೆ ಬಿಳಿ ಇಟ್ಟೆ, ಮೊಮ್ಮಕ್ಕಳೆಲ್ಲ ಚಿಕ್ಕವರಿದ್ದಾಗ ಬೆರಳಿಟ್ಟು ಆಡುತ್ತಿದ್ದ ಮಚ್ಚೆ ಅದು.

ಗಿಂಪ್‌ನ ಟೂಲ್‌ಬಾಕ್ಸಿನಲ್ಲಿ ನೇರವಾಗಿ ಉಜ್ಜುವ ಶಾರ್ಪನ್ ಟೂಲ್ ಕೂಡ ಇದೆ. ಹೊಸಬರ ಕೈ ಮೊದಲು ಅಲ್ಲಿಗೇ ಹೋಗುತ್ತದೆ. ಮುಖಕ್ಕೆ ಅದು ಬೇಡ. ಉಜ್ಜಿದ ಜಾಗವನ್ನೇ ಮತ್ತೆ ಉಜ್ಜಿದರೆ ಶಾರ್ಪ್ ಆದದ್ದೇ ಮತ್ತೆ ಶಾರ್ಪ್ ಆಗಿ ಗ್ರೇನ್ ಮರಳಿನ ಹಾಗೆ ಏಳುತ್ತದೆ. ಪಿಕ್ಸೆಲ್‌ಗಳೇ ಬದಲಾಗಿರುವುದರಿಂದ ಆಮೇಲೆ ತಗ್ಗಿಸಲು ಯಾವ ಅಂಕಿಯೂ ಇರುವುದಿಲ್ಲ. ಅಂಚುಗಳನ್ನಷ್ಟೇ ಉಳಿಸುವ ಹೈ ಪಾಸ್ ಫಿಲ್ಟರ್ ಹಾಕಿ, ಅದನ್ನು ಓವರ್‌ಲೇ ಅನ್ನುವ ಮೋಡ್‌ನಲ್ಲಿ ಮೂಲದ ಜೊತೆ ಬೆರೆಸುವ ದಾರಿಯೂ ಚೆನ್ನಾಗಿದೆ, ನನಗೆ ಅನ್‌ಶಾರ್ಪ್ ಮಾಸ್ಕ್ ಒಗ್ಗಿದೆ ಅಷ್ಟೆ.

ಕೊರತೆಗಳನ್ನೂ ಹೇಳಬೇಕು. ಕ್ಯಾಮೆರಾದ ರಾ ಫೈಲನ್ನು, ಅಂದರೆ ಸಂಸ್ಕರಿಸದ ಮೂಲ ಫೈಲನ್ನು, ಗಿಂಪ್ ತಾನಾಗಿ ತೆರೆಯುವುದಿಲ್ಲ, ಅದನ್ನು ತೆರೆಯಬಲ್ಲ ಡಾರ್ಕ್‌ಟೇಬಲ್ ಅಥವಾ ರಾ-ಥೆರಪಿ ಅನ್ನುವ ಸಾಫ್ಟ್‌ವೇರ್ ಜೊತೆಗಿರಬೇಕು. ನಾನು ಡಾರ್ಕ್‌ಟೇಬಲ್‌ನಲ್ಲಿ ಬೆಳಕು ಸರಿಮಾಡಿ ತಂದೆ. ಮುಖದ ಭಾಗಗಳನ್ನು ತಾನೇ ಹುಡುಕಿಕೊಡುವ ಮಾಸ್ಕ್ ಇಲ್ಲ, ಎಲ್ಲವೂ ಕೈಕೆಲಸ. ಮೌಸ್‌ನಲ್ಲಿ ರೆಪ್ಪೆಗೆ ಬಳಿಯುವುದು ಕಷ್ಟ. ಪೆನ್ ಟ್ಯಾಬ್ಲೆಟ್ ಇದ್ದವರು ಅದನ್ನೇ ಬಳಸಿ. ಫೋನಿನಿಂದ ಫೋನಿಗೆ ಹಲವು ಕೈ ದಾಟಿ ಬಂದ ಚಿತ್ರಕ್ಕೆ ಇಷ್ಟೆಲ್ಲ ಶ್ರಮ ಹಾಕಬೇಡಿ. ಅದನ್ನು ಫೋನು ಒಮ್ಮೆ ಶಾರ್ಪ್ ಮಾಡಿ, ಕಂಪ್ರೆಷನ್ ಚೌಕ ಚೌಕ ಮಾಡಿ ಇಟ್ಟಿರುತ್ತದೆ. ಅನ್‌ಶಾರ್ಪ್ ಮಾಸ್ಕ್ ಆ ಚೌಕಗಳನ್ನೇ ಎತ್ತಿ ತೋರಿಸುತ್ತದೆ.

ಇನ್ನೊಂದು ಮಾತು. 200ರಲ್ಲಿ ಬಳಿಯಿರಿ, ಆದರೆ ತೀರ್ಮಾನ ಅಲ್ಲಿ ಮಾಡಬೇಡಿ. ಒಂದು ಅನ್ನುವ ಕೀಲಿ ಒತ್ತಿದರೆ ಚಿತ್ರ ಶೇಕಡಾ 100ಕ್ಕೆ ಬರುತ್ತದೆ. ಅಲ್ಲಿ ನೋಡಿ, ಆಮೇಲೆ ಇನ್ನೂ ಕುಗ್ಗಿಸಿ ಕುರ್ಚಿಯಿಂದ ಎದ್ದು ದೂರದಿಂದ ನೋಡಿ. ಪ್ರಿಂಟಿಗೆ ಪರದೆಗಿಂತ ಸ್ವಲ್ಪ ಹೆಚ್ಚು ಬೇಕು, ಶಾಯಿ ಕಾಗದದಲ್ಲಿ ತುಸು ಹರಡಿಕೊಳ್ಳುತ್ತದೆ. ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ ಚಿತ್ರವನ್ನು 3600×5400ಕ್ಕೆ ಇಳಿಸಿದೆ. ಇಳಿಸಿದಾಗ ಕಳೆದುಹೋದದ್ದಕ್ಕೆ ಕಣ್ಣಿನ ಲೇಯರಿನ ಅಮೌಂಟನ್ನು 1.2ರಿಂದ 1.4ಕ್ಕೆ ಏರಿಸಿದೆ. ಫಿಲ್ಟರ್ ಬೇರೆಯಾಗಿ ಕೂತಿದ್ದರ ಉಪಯೋಗ ಆಗ ನಿಜವಾಗಿ ಗೊತ್ತಾಯಿತು, ಮಾಸ್ಕ್ ಒಂದು ಚೂರೂ ಅಲುಗಲಿಲ್ಲ. ಕೊನೆಗೆ ಪ್ರಿಂಟಿಗೆ ಕೊಡುವಾಗ, ನಿಮ್ಮ ಕಡೆಯಿಂದ ಯಾವ ತಿದ್ದುಪಡಿಯೂ ಬೇಡ ಅಂತ ಬರೆದು ಕೊಟ್ಟೆ. ಇದನ್ನು ಮರೆಯಬೇಡಿ.

ಹೊಸ ಪ್ರಿಂಟನ್ನು ಅಜ್ಜಿಯ ಕೈಗೇ ಮೊದಲು ಕೊಟ್ಟೆ. ಕನ್ನಡಕ ಸರಿಮಾಡಿಕೊಂಡು ಹತ್ತಿರ ಹಿಡಿದು ನೋಡಿದರು. "ನನ್ನ ಕಣ್ಣೊಳಗೆ ಕಿಟಕಿ ಕಾಣ್ತದಲ್ಲೇ" ಅಂದರು. ಅಮ್ಮ ಪಕ್ಕದಲ್ಲೇ ನಿಂತು ಸರಳು ಎಲ್ಲಿ ಅಂತ ಹುಡುಕುತ್ತಿದ್ದರು. ಚಿಕ್ಕಮ್ಮ ತಮಗೂ ಒಂದು ಪ್ರತಿ ಬೇಕು, ಪರ್ಸಿನಲ್ಲಿ ಇಟ್ಟುಕೊಳ್ಳುವಷ್ಟು ಚಿಕ್ಕದು ಅಂದಿದ್ದಾರೆ. ಅಷ್ಟು ಚಿಕ್ಕದರಲ್ಲಿ ರೆಪ್ಪೆಯ ಲೇಯರ್ ಹೇಗೆ ನಿಲ್ಲುತ್ತದೋ, ಈ ವಾರ ಕೂತು ನೋಡಬೇಕು.